ಚಾಕೊಲೇಟ್ ಬ್ರೆಡ್ ಪುಡ್ಡಿಂಗ್: ಪಾವ್, ಸ್ಲೈಸ್, ಬನ್ನು, ಓವನ್, ಕುಕ್ಕರ್, ಕಡಾಯಿ

ಪುಡ್ಡಿಂಗ್ ತಿಂದರೆ ಬಾಯಿ ತುಂಬಬೇಕು, ಚಮಚಕ್ಕೆ ದಪ್ಪಗೆ ಹತ್ತಬೇಕು ಅಂತ ಎಲ್ಲರೂ ಚಾಕೊಲೇಟನ್ನೇ ಜಾಸ್ತಿ ಸುರಿಯುತ್ತಾರೆ. ಒಂದೇ ಅಳತೆ ಹಿಡಿದು ಬ್ರೆಡ್ ಬದಲಿಸಿ, ಚಾಕೊಲೇಟ್ ಬದಲಿಸಿ, ಬೇಯಿಸುವ ರೀತಿ ಬದಲಿಸಿ ಮಾಡಿ ನೋಡಿದ ಮೇಲೆ ನಾವು ಹೇಳುವುದು ಇಷ್ಟು: ಮೊದಲು ನೋಡಬೇಕಾದ್ದು ಬ್ರೆಡ್ ಎಷ್ಟು ಒಣಗಿದೆ, ಆಮೇಲೆ ಹಾಲು, ತತ್ತಿ ಸೇರಿದ ಕಸ್ಟರ್ಡ್‌ಗೆ ಎಷ್ಟು ಬಿಸಿ ತಾಗಿದೆ. ಇವೆರಡು ಕೆಟ್ಟರೆ ಎಂಥ ದುಬಾರಿ ಚಾಕೊಲೇಟ್ ಹಾಕಿದರೂ ಕೆಳಗೆ ನೀರು, ಮೇಲೆ ಮುದ್ದೆ.

ಹೋಲಿಕೆಗೆ ಹಿಡಿದ ಅಳತೆ ಹೀಗಿದೆ. ಒಣಗಿಸುವ ಮುಂಚೆ ತೂಗಿದ 250 ಗ್ರಾಂ ಬ್ರೆಡ್, 500 ಮಿ.ಲೀ. ಕೆನೆಭರಿತ ಹಾಲು, 200 ಮಿ.ಲೀ. ಫ್ರೆಶ್ ಕ್ರೀಮ್, 4 ತತ್ತಿ, 80 ಗ್ರಾಂ ಸಕ್ಕರೆ, 200 ಗ್ರಾಂ ಡಾರ್ಕ್ ಚಾಕೊಲೇಟ್, ಒಂದು ದೊಡ್ಡ ಚಮಚ ಕೋಕೋ ಪುಡಿ, ಅರ್ಧ ಚಿಕ್ಕ ಚಮಚ ಇನ್‌ಸ್ಟಂಟ್ ಕಾಫಿ, ಒಂದು ಚಿಕ್ಕ ಚಮಚ ವೆನಿಲಾ, ಎರಡು ಚಿಟಿಕೆ ಉಪ್ಪು. 8 ಇಂಚಿನ ಚೌಕ ಟಿನ್, ಎತ್ತರ 2 ಇಂಚು. ಕಾಫಿಯ ರುಚಿ ಬೇರೆಯಾಗಿ ಬರುವುದಿಲ್ಲ, ಚಾಕೊಲೇಟಿನ ಕಹಿಯನ್ನು ಆಳವಾಗಿಸುತ್ತದೆ ಅಷ್ಟೆ. ಉಪ್ಪನ್ನು ಬಿಡಬೇಡಿ. ಗವಳಿಗರಿಂದ ಎಮ್ಮೆ ಹಾಲು ತರುವ ಮನೆಗಳಲ್ಲಿ, ಅದು ನೀರು ಬೆರೆಸದ ಹಾಲಾಗಿದ್ದರೆ, ಕ್ರೀಮ್ 100 ಮಿ.ಲೀ.ಗೆ ಇಳಿಸಿ ಹಾಲನ್ನು 600ಕ್ಕೆ ಏರಿಸಬಹುದು. ಎಮ್ಮೆ ಹಾಲಿನಲ್ಲೇ ಶೇ 6ರಿಂದ 7ರಷ್ಟು ಕೊಬ್ಬು ಇರುತ್ತದೆ. ಒಟ್ಟು ದ್ರವ ಮಾತ್ರ 700 ಮಿ.ಲೀ. ದಾಟಬಾರದು.

ಈಗ ಬ್ರೆಡ್. ಕಲಬುರಗಿಯಲ್ಲಿ ಯಾವ ಬೇಕರಿಗೆ ಹೋದರೂ ಸಿಗುವುದು ಸ್ಲೈಸ್ ಬ್ರೆಡ್, ಪಾವ್, ಸಿಹಿ ಬನ್ನು, ಬ್ರೌನ್ ಬ್ರೆಡ್, ಟೋಸ್ಟ್. ಇವುಗಳಲ್ಲಿ ಪಾವ್ ಗೆಲ್ಲುತ್ತದೆ, ಅದೂ ಸಣ್ಣ ಅಂತರದಿಂದಲ್ಲ. ಪಾವಿನ ಒಳಗಿನ ರಂಧ್ರಗಳು ದೊಡ್ಡವು, ಎಳೆ ಎಳೆಯಾಗಿ ಬಿಚ್ಚುತ್ತದೆ, ನೆನೆದರೂ ಆ ಎಳೆ ಕರಗುವುದಿಲ್ಲ. ಚಾಕುವಿನಿಂದ ಕತ್ತರಿಸದೆ ಕೈಯಿಂದ ಒಂದೂವರೆ ಇಂಚಿನ ತುಂಡುಗಳಾಗಿ ಹರಿಯಿರಿ. ಹರಿದ ಅಂಚಿನ ಒರಟಿನಲ್ಲಿ ಕಸ್ಟರ್ಡ್ ನಿಲ್ಲುತ್ತದೆ, ಟಿನ್‌ನ ಮೇಲೆ ಎದ್ದು ನಿಂತ ತುದಿಗಳು ಗರಿಗರಿಯಾಗುತ್ತವೆ. ಕಂದು ಬಣ್ಣದ ಮೇಲ್ಭಾಗವನ್ನು ಮೇಲ್ಮುಖವಾಗಿಯೇ ಜೋಡಿಸಿ.

ಸ್ಲೈಸ್ ಬ್ರೆಡ್‌ನ ತೊಂದರೆ ಅದರ ಮೆತ್ತಗಿನ ಗುಣವೇ. ರಂಧ್ರಗಳು ಸಣ್ಣವು, ಒಂದೇ ಸಮ; ಹಾಲು ಕುಡಿದ ಕೂಡಲೇ ಪದರಗಳು ಒಂದಕ್ಕೊಂದು ಅಂಟಿ ಹಲ್ವದ ಹದಕ್ಕೆ ಬರುತ್ತವೆ. ಅದನ್ನೇ ಇಷ್ಟಪಡುವವರು ಇದ್ದಾರೆ, ತಪ್ಪಲ್ಲ. ಆದರೆ ಬ್ರೆಡ್ ಬೇರೆ, ಕಸ್ಟರ್ಡ್ ಬೇರೆ ಎಂದು ನಾಲಿಗೆಗೆ ತಿಳಿಯಬೇಕಾದರೆ ಸ್ಲೈಸನ್ನು ಚೆನ್ನಾಗಿ ಒಣಗಿಸಲೇಬೇಕು, ಅಂಚಿನ ಸಿಪ್ಪೆ ತೆಗೆಯಬಾರದು. ಸಿಹಿ ಬನ್ನಿಗೆ ಎರಡನೇ ಸ್ಥಾನ: ಹಿಟ್ಟಿನಲ್ಲೇ ಸಕ್ಕರೆ, ಕೊಬ್ಬು ಇರುವುದರಿಂದ ಮೃದುವಾಗಿ, ಸಮೃದ್ಧವಾಗಿ ಬರುತ್ತದೆ. ಸಕ್ಕರೆಯನ್ನು 80ರಿಂದ 50 ಗ್ರಾಂಗೆ ಇಳಿಸಿ, ಟೂಟಿಫ್ರೂಟಿ ಇಲ್ಲದ ಬನ್ನನ್ನೇ ಕೇಳಿ ತನ್ನಿ. ಬ್ರೌನ್ ಬ್ರೆಡ್‌ನ ತೌಡಿನ ಕಹಿ ಚಾಕೊಲೇಟಿನ ಕಹಿಯೊಂದಿಗೆ ಜಗಳವಾಡುತ್ತದೆ. ಟೋಸ್ಟ್ ಬೇಡವೇ ಬೇಡ. ಇದ್ದ ದ್ರವವನ್ನೆಲ್ಲ ಹೀರಿಕೊಂಡು ಪುಡಿಯಾಗುತ್ತದೆ.

ಯಾವ ಬ್ರೆಡ್ ಆದರೂ ಒಣಗಿಸುವುದರಲ್ಲೇ ಅರ್ಧ ಕೆಲಸವಿದೆ. ಹಳೆಯ ಬ್ರೆಡ್ ಅಂದರೆ ಒಣಗಿದ ಬ್ರೆಡ್ ಎಂದು ತಿಳಿದು ಫ್ರಿಜ್‌ನಲ್ಲಿ ಎರಡು ದಿನ ಇಟ್ಟು ಬಳಸುವವರಿದ್ದಾರೆ. ಫ್ರಿಜ್‌ನಲ್ಲಿ ಬ್ರೆಡ್ ಗಟ್ಟಿಯಾಗುವುದು ಒಳಗಿನ ಪಿಷ್ಟ ಮತ್ತೆ ಹರಳುಗಟ್ಟುವುದರಿಂದ. ಕವರ್‌ನೊಳಗೆ ಇಟ್ಟ ಬ್ರೆಡ್‌ನ ನೀರು ಎಲ್ಲಿಗೂ ಹೋಗಿರುವುದಿಲ್ಲ, ಬಿಸಿ ತಗಲಿದ ಕೂಡಲೇ ಮತ್ತೆ ಮೆತ್ತಗಾಗುತ್ತದೆ. ನೀರು ಇದ್ದ ಜಾಗಕ್ಕೆ ಕಸ್ಟರ್ಡ್ ಹೋಗುವುದಿಲ್ಲ. ಆದ್ದರಿಂದ ತೂಕ ನೋಡಿ: 250 ಗ್ರಾಂ ಬ್ರೆಡ್ ಒಣಗಿ 200 ಗ್ರಾಂ ಆಸುಪಾಸಿಗೆ ಬರಬೇಕು. ಈ ವಿಷಯದಲ್ಲಿ ನಮ್ಮ ಊರಿನ ಬಿಸಿಲು ದೊಡ್ಡ ಉಪಕಾರ ಮಾಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಪಾರಾ 40 ಡಿಗ್ರಿ ದಾಟಿ, ಗಾಳಿಯಲ್ಲಿ ತೇವವೇ ಇಲ್ಲದಾಗ, ಹರಿದ ಪಾವನ್ನು ಪರಾತದಲ್ಲಿ ಹರಡಿ ತೆಳು ಬಟ್ಟೆ ಮುಚ್ಚಿ ಫ್ಯಾನಿನ ಕೆಳಗಿಟ್ಟರೆ ನಾಲ್ಕೈದು ತಾಸು ಸಾಕು. ಮಳೆಗಾಲದಲ್ಲಿ ಈ ನೆಚ್ಚಿಕೆ ಇಟ್ಟುಕೊಳ್ಳಬೇಡಿ. ಓಟಿಜಿಯಲ್ಲಿ, ಅಂದರೆ ಮನೆಯ ಸಣ್ಣ ಕರೆಂಟ್ ಓವನ್ನಿನಲ್ಲಿ, 120 ಡಿಗ್ರಿಗೆ 15ರಿಂದ 20 ನಿಮಿಷ, ನಡುವೆ ಒಮ್ಮೆ ತಿರುವಿ ಹಾಕಿ. ಹೊರಗೆ ಬಿರುಸಾಗಿದ್ದು, ಒತ್ತಿದರೆ ಒಳಗೆ ಇನ್ನೂ ಸ್ವಲ್ಪ ಬಗ್ಗಬೇಕು. ಖಡಕ್ ರೊಟ್ಟಿಯಂತೆ ಪಟ್ಟನೆ ಮುರಿಯುವ ಮಟ್ಟಕ್ಕೆ ಹೋದರೆ ಜಾಸ್ತಿಯಾಯಿತು.

ನಮ್ಮ ಕಡೆ ಡಬ್ಬಲ್ ಕಾ ಮೀಠಾ ಮಾಡಿ ಕೈ ಪಳಗಿದವರಿಗೆ ಬ್ರೆಡ್ಡನ್ನು ತುಪ್ಪದಲ್ಲಿ ಕರಿದೇ ಹಾಕೋಣ ಎನಿಸುವುದು ಸಹಜ. ಅದನ್ನೂ ಪಕ್ಕದಲ್ಲಿಟ್ಟು ನೋಡಿದೆವು. ಡಬ್ಬಲ್ ಕಾ ಮೀಠಾದಲ್ಲಿ ಬಿಸಿ ಸಕ್ಕರೆ ಪಾಕ ತೆಳ್ಳಗಿರುತ್ತದೆ, ಕರಿದ ತುಂಡಿನೊಳಕ್ಕೂ ಇಳಿಯುತ್ತದೆ. ತತ್ತಿ, ಚಾಕೊಲೇಟ್ ಸೇರಿದ ಕಸ್ಟರ್ಡ್ ದಪ್ಪ. ತುಪ್ಪ ಹಿಡಿದ ಮೈಯಿಂದ ಜಾರಿ ಕೆಳಗೆ ಸೇರುತ್ತದೆ. ಕೊಯ್ದು ನೋಡಿದರೆ ತುಂಡಿನ ನಡುವೆ ಬೆಳ್ಳಗೆ ಹಾಗೇ ಉಳಿದಿರುತ್ತದೆ, ತುಪ್ಪದ ಪರಿಮಳ ಚಾಕೊಲೇಟನ್ನು ಹಿಂದೆ ತಳ್ಳುತ್ತದೆ. ತುಪ್ಪ ಬೇಕೇ ಬೇಕೆಂದರೆ ಟಿನ್‌ಗೆ ಸವರಿ, ಅಷ್ಟು ಸಾಕು.

ಚಾಕೊಲೇಟಿನಲ್ಲಿ ನಾಲ್ಕು ದಾರಿ ಇವೆ. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಸುತ್ತಿನ ಅಂಗಡಿಗಳಲ್ಲಿ ಕೇಕಿನ ಸಾಮಾನು ಕೇಳಿದರೆ ಮೊದಲು ಕೈಗೆ ಬರುವುದು ಕಾಂಪೌಂಡ್ ಚಾಕೊಲೇಟಿನ ಇಟ್ಟಿಗೆ. ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ. ಪೊಟ್ಟಣದ ಹಿಂದೆ ಸಾಮಗ್ರಿಗಳ ಸಾಲು ಓದಿದರೆ ಗೊತ್ತಾಗುತ್ತದೆ. ಕೋಕೋ ಬೆಣ್ಣೆ 34 ಡಿಗ್ರಿಯ ಹತ್ತಿರ, ಅಂದರೆ ಬಾಯಿಯ ಬಿಸಿಗೇ ಪೂರ್ತಿ ಕರಗುತ್ತದೆ. ಕಾಂಪೌಂಡಿನ ಕೊಬ್ಬು ಹಾಗೆ ಕರಗದೆ ಅಂಗುಳಕ್ಕೆ ಮೇಣದಂತೆ ಹತ್ತುತ್ತದೆ. ಬಿಸಿ ಇರುವಾಗ ವ್ಯತ್ಯಾಸ ಕಮ್ಮಿ. ತಣ್ಣಗಾದ ಪುಡ್ಡಿಂಗ್‌ನಲ್ಲಿ ಎದ್ದು ಕಾಣುತ್ತದೆ. ಶೇ 55 ಕೋಕೋ ಇರುವ ಡಾರ್ಕ್ ಬಾರ್, ಅಮುಲ್‌ನದೂ ಸೇರಿ, ಈ ಅಳತೆಗೆ ಸರಿಯಾಗಿ ಹೊಂದುತ್ತದೆ. 70ರ ಮೇಲಿನದಾದರೆ ಸಕ್ಕರೆ 30 ಗ್ರಾಂ ಹೆಚ್ಚಿಸಬೇಕು. ಮಿಲ್ಕ್ ಚಾಕೊಲೇಟ್ ಹಾಲಿನಲ್ಲಿ ಕಲಸಿ ಹೋಗಿ ಬರೀ ಸಿಹಿ ಉಳಿಯುತ್ತದೆ.

ಕೋಕೋ ಪುಡಿಯೊಂದರಿಂದಲೇ ಮಾಡಬಹುದೇ? ಮಾಡಬಹುದು, ಕಾಂಪೌಂಡಿಗಿಂತ ಒಳ್ಳೆಯದೂ ಆಗುತ್ತದೆ, ಕಡಿಮೆಯಾದ ಕೊಬ್ಬನ್ನು ತುಂಬಿಕೊಟ್ಟರೆ. ಕರಗಿಸಿ ಹಾಕುವ 150 ಗ್ರಾಂ ಡಾರ್ಕ್‌ನ ಜಾಗಕ್ಕೆ 40 ಗ್ರಾಂ ಕೋಕೋ, 50 ಗ್ರಾಂ ಬೆಣ್ಣೆ, 65 ಗ್ರಾಂ ಹೆಚ್ಚುವರಿ ಸಕ್ಕರೆ. ಕೋಕೋವನ್ನು ತಣ್ಣನೆ ಹಾಲಿಗೆ ಸುರಿದರೆ ಗಂಟು ಬಿಡುವುದೇ ಇಲ್ಲ. ಮೊದಲು ಸಕ್ಕರೆಯೊಂದಿಗೆ ಒಣದಾಗಿ ಬೆರೆಸಿ, ನಾಲ್ಕು ಚಮಚ ಬಿಸಿ ಹಾಲಿನಲ್ಲಿ ಪೇಸ್ಟ್ ಮಾಡಿಕೊಳ್ಳಿ. ಪರಿಮಳ ಜೋರಾಗಿರುತ್ತದೆ, ಆದರೆ ತುತ್ತಿನ ನಡುವೆ ಸಿಗುವ ಕರಗಿದ ಚಾಕೊಲೇಟಿನ ಹೊಂಡಗಳು ಇರುವುದಿಲ್ಲ. ಅದಕ್ಕೇ 200 ಗ್ರಾಂ ಡಾರ್ಕ್‌ನಲ್ಲಿ 150 ಮಾತ್ರ ಕರಗಿಸಿ, 50 ಗ್ರಾಂ ತುಂಡು ಮಾಡಿ ಬ್ರೆಡ್‌ನ ಸಂದಿಗಳಲ್ಲಿ ಹುದುಗಿಸಬೇಕು. ಮೇಲೆ ಚೆಲ್ಲಿದ ತುಂಡು ಸುಟ್ಟು ಕಹಿಯಾಗುತ್ತದೆ. ಬೇಸಿಗೆಯಲ್ಲಿ ಚಾಕೊಲೇಟ್ ಪೇಟೆಯಿಂದ ಮನೆಗೆ ಬರುವಷ್ಟರಲ್ಲೇ ಕರಗಿ, ಆಮೇಲೆ ಫ್ರಿಜ್‌ನಲ್ಲಿ ಬೂದು ಬಣ್ಣಕ್ಕೆ ತಿರುಗುತ್ತದೆ. ಅದು ಬೂಷ್ಟಲ್ಲ, ಮೇಲೆ ಬಂದ ಕೋಕೋ ಬೆಣ್ಣೆ. ಪುಡ್ಡಿಂಗ್‌ಗೆ ಧಾರಾಳವಾಗಿ ಬಳಸಿ.

ಕರಗಿಸಲು ಡಬ್ಬಲ್ ಬಾಯ್ಲರ್, ಅಂದರೆ ಕುದಿ ನೀರಿನ ಮೇಲಿಟ್ಟ ಪಾತ್ರೆ, ಬೇಕಾಗಿಲ್ಲ. ಅಲ್ಲಿ ಹಬೆಯ ಒಂದು ಹನಿ ಬಿದ್ದರೂ ಚಾಕೊಲೇಟ್ ಬಿಗಿದು ಮರಳಾಗುತ್ತದೆ. ಹಾಲು, ಕ್ರೀಮ್ ಸೇರಿಸಿ ಅಂಚಿನಲ್ಲಿ ಗುಳ್ಳೆ ಏಳುವ ತನಕ ಕಾಯಿಸಿ, ಸಣ್ಣಗೆ ಹೆಚ್ಚಿದ ಚಾಕೊಲೇಟಿನ ಮೇಲೆ ಸುರಿದು, ಎರಡು ನಿಮಿಷ ಮುಟ್ಟದೆ ಬಿಟ್ಟು, ನಡುವಿನಿಂದ ಹೊರಕ್ಕೆ ಕಲಕಿ. ಬೇರೆ ಪಾತ್ರೆಯಲ್ಲಿ ತತ್ತಿ, ಸಕ್ಕರೆ, ಕೋಕೋ, ಕಾಫಿ, ಉಪ್ಪು, ವೆನಿಲಾ ನೊರೆ ಬರದಂತೆ ಕದಡಿ. ಚಾಕೊಲೇಟ್ ಹಾಲು ಬೆರಳು ತಡೆಯುವಷ್ಟು ಬೆಚ್ಚಗಾದ ಮೇಲೆ ತತ್ತಿಗೆ ಎಳೆಯಾಗಿ ಸುರಿಯುತ್ತ ಕಲಕಬೇಕು. ಬಿಸಿ ಜಾಸ್ತಿಯಿದ್ದರೆ ತತ್ತಿಯ ಬಿಳಿ ಎಳೆಗಳು, ತಣ್ಣಗಾಗಿದ್ದರೆ ಚಾಕೊಲೇಟಿನ ಕಪ್ಪು ಚುಕ್ಕೆಗಳು. ಸೋಸಿದರೆ ಮೊದಲನೆಯದು ಹೋಗುತ್ತದೆ, ಎರಡನೆಯದಕ್ಕೆ ಮತ್ತೆ ಬೆಚ್ಚಗೆ ಮಾಡಬೇಕು. ಬ್ರೆಡ್ ಮೇಲೆ ಸುರಿದು, ಒಂದು ತಟ್ಟೆ ಮಗುಚಿ ಮೆಲ್ಲಗೆ ಒತ್ತಿ, ಅರ್ಧ ತಾಸು ನೆನೆಸಿ. ಬೇಸಿಗೆಯಲ್ಲಿ ಇದನ್ನು ಫ್ರಿಜ್‌ನಲ್ಲೇ ಮಾಡಿ. 40 ಡಿಗ್ರಿ ಕೋಣೆಯಲ್ಲಿ ಹಸಿ ತತ್ತಿ ಬೆರೆತ ಹಾಲು ಇಡುವಂಥದ್ದಲ್ಲ.

ತತ್ತಿ ತಿನ್ನದ ಮನೆಗಳು ನಮ್ಮಲ್ಲಿ ಬಹಳ. ಅವರಿಗೆ ಕಸ್ಟರ್ಡ್ ಪುಡಿ, ಅಂದರೆ ಬಣ್ಣ, ವಾಸನೆ ಸೇರಿಸಿದ ಮೆಕ್ಕೆಜೋಳದ ಪಿಷ್ಟ. ಇಲ್ಲಿ ಮಾಡುವ ದೊಡ್ಡ ತಪ್ಪು ಅದನ್ನು ಹಸಿ ಹಾಲಿಗೆ ಕಲಸಿ ನೇರ ಬೇಯಿಸಲು ಇಡುವುದು: ಪಿಷ್ಟ ತಳಕ್ಕೆ ಕೂತು ರಬ್ಬರಿನ ಪದರವಾಗುತ್ತದೆ. 3 ದೊಡ್ಡ ಚಮಚ ಪುಡಿಯನ್ನು ಸ್ವಲ್ಪ ತಣ್ಣನೆ ಹಾಲಲ್ಲಿ ಕದಡಿ, ಸಕ್ಕರೆ ಹಾಕಿದ ಕುದಿಯುವ ಹಾಲಿಗೆ ಸೇರಿಸಿ ಎರಡು ನಿಮಿಷ ಕುದಿಸಿ, ಒಲೆ ಆರಿಸಿ, ಕ್ರೀಮ್ ಮತ್ತು ಚಾಕೊಲೇಟ್ ಬೆರೆಸಿ, ಬಿಸಿಬಿಸಿಯಾಗಿಯೇ ಬ್ರೆಡ್ ಮೇಲೆ ಸುರಿಯಿರಿ. ಇದು ಸುರಿಯುವ ಮುಂಚೆಯೇ ಬೆಂದಿರುವುದರಿಂದ ಓವನ್‌ನಲ್ಲಿ 20 ನಿಮಿಷ ಸಾಕು. ನಡುಗುವ ನಯ ತತ್ತಿಯದಷ್ಟು ಬರುವುದಿಲ್ಲ, ಆದರೆ ಒಡೆಯುವ ಭಯವಿಲ್ಲ. ಅಡುಗೆ ಹೊಸದಾಗಿ ಕಲಿಯುವವರಿಗೆ ಇದೇ ಸುಲಭ.

ತತ್ತಿಯ ಕಸ್ಟರ್ಡ್ 80 ಡಿಗ್ರಿ ಸುಮಾರಿಗೆ ಗಟ್ಟಿಯಾಗುತ್ತದೆ, 85 ದಾಟಿದರೆ ಹಿಂಡಿಕೊಂಡು ನೀರು ಬಿಡುತ್ತದೆ. ಬೇಯಿಸುವ ವಿಧಾನಗಳ ಗುಣದೋಷವೆಲ್ಲ ಈ ಸಣ್ಣ ಅಂತರದಲ್ಲಿದೆ. ಓಟಿಜಿಯಲ್ಲಿ 160 ಡಿಗ್ರಿ, ಮೇಲಿನ ಕೆಳಗಿನ ಎರಡೂ ರಾಡ್, ಪುಡ್ಡಿಂಗ್ ಟಿನ್ನನ್ನು ದೊಡ್ಡ ಟಿನ್‌ನಲ್ಲಿಟ್ಟು ಅರ್ಧ ಎತ್ತರಕ್ಕೆ ಕುದಿ ನೀರು, 45ರಿಂದ 50 ನಿಮಿಷ. ತಣ್ಣೀರು ಸುರಿದರೆ ಅದು ಕಾಯುವುದಕ್ಕೇ ಕಾಲು ತಾಸು ಹೋಗುತ್ತದೆ. ಬೋರಿನ ಗಡಸು ನೀರು ಅಲ್ಯೂಮಿನಿಯಂ ಟಿನ್ನನ್ನು ಕಪ್ಪಾಗಿಸುತ್ತದೆ. ಒಂದು ಹೋಳು ನಿಂಬೆ ಹಾಕಿ. ಕೊನೆಗೆ ನೀರಿನ ಟಿನ್ ತೆಗೆದು ಮೇಲಿನ ರಾಡ್ ಮಾತ್ರ ಇಟ್ಟು 180ಕ್ಕೆ ಆರೇಳು ನಿಮಿಷ ಕೊಟ್ಟರೆ ಮೇಲ್ಪದರ ಗರಿಗರಿ. ಸಣ್ಣ ಓಟಿಜಿಯಲ್ಲಿ ಎರಡು ಟಿನ್ ಹಿಡಿಯದಿದ್ದರೆ ಎಂಟು ಸ್ಟೀಲ್ ವಾಟಿಗಳಿಗೆ ಹಂಚಿ. 22ರಿಂದ 25 ನಿಮಿಷಕ್ಕೆ ಆಗುತ್ತದೆ. ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ. ಅರ್ಧದಷ್ಟು ಬೆಂದಿದ್ದರೆ ಒಳಗಿನ ಬಿಸಿ ಹತ್ತು ನಿಮಿಷ ಕೆಲಸ ಮಾಡುತ್ತದೆ. ಅಷ್ಟರಲ್ಲೂ ಬರದಿದ್ದರೆ ಉಗಿಗೆ ವರ್ಗಾಯಿಸಿ.

ಉಗಿ ಅಂದರೆ ಕುಕ್ಕರ್. 7 ಇಂಚಿನ ದುಂಡು ಟಿನ್, 3 ಇಂಚು ಎತ್ತರ, ಬಾಯಿಗೆ ಬಿಗಿಯಾಗಿ ಫಾಯಿಲ್, ಕೆಳಗೆ ಸ್ಟ್ಯಾಂಡ್, ಎರಡು ಲೋಟ ನೀರು, ಸಣ್ಣ ಉರಿಯಲ್ಲಿ 50ರಿಂದ 55 ನಿಮಿಷ, ನಡುವೆ ನೀರು ಉಳಿದಿದೆಯೇ ನೋಡುತ್ತಿರಿ. ಸೀಟಿ ಹಾಕಬಾರದು, ಯಾಕೆಂದರೆ ಒತ್ತಡದಲ್ಲಿ ಒಳಗಿನ ಬಿಸಿ 120 ಡಿಗ್ರಿಯ ಹತ್ತಿರ ಹೋಗುತ್ತದೆ, ಕಸ್ಟರ್ಡ್ ಕುದ್ದು ತೂತು ತೂತಾಗಿ ನೀರಾಗುತ್ತದೆ. ಒಳಗಿನ ನಯದ ಮಟ್ಟಿಗೆ ಕುಕ್ಕರ್ ಓಟಿಜಿಗೆ ಸರಿಸಮ. ಗರಿಗರಿ ಮೇಲ್ಪದರ ಮಾತ್ರ ಇಲ್ಲ. ಕೊನೆಗೆ ತವೆಯಲ್ಲಿ ಬೆಣ್ಣೆ, ಸಕ್ಕರೆ ಹಾಕಿ ಹುರಿದ ಪಾವ್ ಚೂರು ಉದುರಿಸಿದರೆ ಆ ಕೊರತೆ ಮುಚ್ಚುತ್ತದೆ. ಉಪ್ಪು ಹಾಸಿದ ಕಡಾಯಿ ಕೇಕಿಗೆ ನಡೆಯುತ್ತದೆ, ಇದಕ್ಕಲ್ಲ. ಅಂಚು ಒಡೆಯುವ ಹೊತ್ತಿಗೂ ನಡುಭಾಗ ಹಸಿ. ಮೈಕ್ರೋವೇವ್‌ನಲ್ಲಿ ಒಂದು ಮಗ್‌ನಷ್ಟು ಮಾತ್ರ, ಅದೂ ಅರ್ಧ ಪವರ್‌ನಲ್ಲಿ.

ಬೆಂದಿದೆಯೇ ಎಂದು ಚಾಕು ಚುಚ್ಚಿ ನೋಡುವುದು ಇಲ್ಲಿ ಮೋಸ ಮಾಡುತ್ತದೆ, ಕರಗಿದ ಚಾಕೊಲೇಟ್ ತುಂಡು ಚಾಕುವಿಗೆ ಹತ್ತಿ ಹಸಿಯಂತೆ ಕಾಣುತ್ತದೆ. ನಡುಭಾಗವನ್ನು ಚಮಚದ ಬೆನ್ನಿನಿಂದ ಮೆಲ್ಲಗೆ ಒತ್ತಿ. ಹಾಲಿನಂಥ ತೆಳು ದ್ರವ ಮೇಲೆ ಬಂದರೆ ಇನ್ನೂ ಐದು ನಿಮಿಷ. ಬರದೆ, ಟಿನ್ ಅಲುಗಿಸಿದಾಗ ನಡು ಸ್ವಲ್ಪ ನಡುಗಿದರೆ ಸಾಕು, ಹೊರತೆಗೆಯಿರಿ. 20 ನಿಮಿಷ ಬಿಟ್ಟು ಬಡಿಸಿ, ಮೇಲೆ ತಣ್ಣನೆ ಮಲಾಯಿ ಅಥವಾ ಸಕ್ಕರೆ ಹಾಕದ ಕ್ರೀಮ್. ಉಳಿದದ್ದು ಫ್ರಿಜ್‌ನಲ್ಲಿ ಮುಚ್ಚಿಟ್ಟರೆ ಎರಡು ದಿನ ಚೆನ್ನಾಗಿರುತ್ತದೆ. ಮತ್ತೆ ಬಿಸಿ ಮಾಡುವಾಗ ಸೀಟಿ ಇಲ್ಲದ ಕುಕ್ಕರ್‌ನಲ್ಲಿ ಎಂಟು ಹತ್ತು ನಿಮಿಷ ಉಗಿ ಕೊಡಿ, ಒಣ ಬಿಸಿ ಬೇಡ.