ನಾಲ್ಕು ಸ್ಕೇಲ್ ಇರೋ ಆವರ್ತಕ ಕೋಷ್ಟಕದ ಗೋಡೆ ಚಾರ್ಟ್, ಮೂರು ತಿಂಗಳು ಬಳಸಿದ ಮೇಲೆ

ಕೆಮಿಸ್ಟ್ರಿ ಪಾಠ ಮಾಡೋ ರೂಮಿಗೆ ಅಂತ ತಗೊಂಡೆ. ಬೇರೆ ಚಾರ್ಟಲ್ಲೆಲ್ಲ ಎಲೆಕ್ಟ್ರೋನೆಗೆಟಿವಿಟಿ (ಪರಮಾಣು ಎಲೆಕ್ಟ್ರಾನುಗಳನ್ನ ತನ್ನ ಕಡೆ ಎಷ್ಟು ಎಳೆಯುತ್ತೆ ಅನ್ನೋದು) ಅಂತ ಒಂದೇ ನಂಬರ್ ಇರುತ್ತೆ, ಇದ್ರಲ್ಲಿ ಪೌಲಿಂಗ್, ಮಲ್ಲಿಕನ್, ಆಲ್‌ರೆಡ್-ರೋಚೋ, ಆಲೆನ್ ಅನ್ನೋ ವಿಜ್ಞಾನಿಗಳ ನಾಲ್ಕೂ ಸ್ಕೇಲ್ ಬೇರೆ ಬೇರೆ ಬಣ್ಣದಲ್ಲಿ ಹಾಕಿದಾರೆ, ನಾನು ತಗೊಂಡಿದ್ದೇ ಅದಕ್ಕೆ.

ನೈಟ್ರೋಜನ್ ಮನೆ, ಕ್ಲೋರಿನ್ ಮನೆ ಎರಡನ್ನೂ ನೋಡಿ. ಪೌಲಿಂಗ್‌ನಲ್ಲಿ ಕ್ಲೋರಿನ್ 3.16, ನೈಟ್ರೋಜನ್ 3.04, ಅಂದ್ರೆ ಕ್ಲೋರಿನ್ ಮುಂದೆ. ಆಲೆನ್‌ಗೆ ಬಂದ್ರೆ ನೈಟ್ರೋಜನ್ 3.07, ಕ್ಲೋರಿನ್ 2.87, ಉಲ್ಟಾ ಆಗೋಯ್ತು! ಯಾರದ್ದೂ ತಪ್ಪಲ್ಲ, ಅಳೆದಿರೋದೇ ಬೇರೆ ಬೇರೆ. ಪೌಲಿಂಗ್ 1932ರಲ್ಲಿ ಲೆಕ್ಕ ಹಾಕಿದ್ದು ಬಂಧದ ಶಕ್ತಿಯಿಂದ. ಹೈಡ್ರೋಜನ್-ಹೈಡ್ರೋಜನ್ ಬಂಧ ಮುರಿಯೋಕೆ ಮೋಲ್‌ಗೆ 436 ಕಿಲೋಜೂಲ್, ಕ್ಲೋರಿನ್-ಕ್ಲೋರಿನ್‌ಗೆ 242, ಸರಾಸರಿ 339, ಆದ್ರೆ ಹೈಡ್ರೋಜನ್-ಕ್ಲೋರಿನ್ ಬಂಧಕ್ಕೆ 431 ಬೇಕು, ಆ ಹೆಚ್ಚಿನ 92ನ ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದ ಶಕ್ತಿಯ ಯೂನಿಟ್) ಮಾಡಿ ವರ್ಗಮೂಲ ತೆಗೆದ್ರೆ 0.98 ಬರುತ್ತೆ, ಚಾರ್ಟಲ್ಲಿ ಹೈಡ್ರೋಜನ್, ಕ್ಲೋರಿನ್ ಎರಡರ ಪೌಲಿಂಗ್ ನಂಬರಿನ ವ್ಯತ್ಯಾಸ 0.96. ಬೋರ್ಡ್ ಮೇಲೆ ಇದನ್ನ ಮಾಡಿ ತೋರಿಸಿದ ದಿನ ಮಕ್ಕಳ ಮುಖ ನೋಡ್ಬೇಕಿತ್ತು.

ಆಲೆನ್ 1989ರಲ್ಲಿ ಬಂಧದ ಗೋಜಿಗೇ ಹೋಗ್ಲಿಲ್ಲ, ಒಂಟಿ ಪರಮಾಣುವಿನ ಹೊರಕವಚದ ಎಲೆಕ್ಟ್ರಾನುಗಳ ಸರಾಸರಿ ಶಕ್ತಿ ತಗೊಂಡ್ರು, ಹಾಗಾಗಿ ನಿಯಾನ್‌ಗೂ ನಂಬರ್ ಇದೆ, 4.79, ಫ್ಲೋರಿನ್‌ನ 4.19ಕ್ಕಿಂತ ಮೇಲೆ. ಬಂಧವೇ ಮಾಡದ ನಿಯಾನ್‌ಗೆ ಪೌಲಿಂಗ್ ಬಣ್ಣದ ಜಾಗ ಖಾಲಿ, ಅದನ್ನ ಖಾಲಿನೇ ಬಿಟ್ಟಿರೋದು ನಂಗೆ ತುಂಬಾ ಇಷ್ಟ ಆಯ್ತು. ಆಲ್‌ರೆಡ್-ರೋಚೋದು ಹೊರಗಿನ ಎಲೆಕ್ಟ್ರಾನ್ ಮೇಲೆ ನ್ಯೂಕ್ಲಿಯಸ್ ಸೆಳೆತ ಎಷ್ಟು ಅನ್ನೋದು, ಅದೂ ಸರಿಯಾಗೇ ಇದೆ.

ಬೇಜಾರಾಗಿದ್ದು ಮಲ್ಲಿಕನ್ ವಿಷಯಕ್ಕೆ. ಅಯಾನೀಕರಣ ಶಕ್ತಿ (ಪರಮಾಣುವಿಂದ ಒಂದು ಎಲೆಕ್ಟ್ರಾನ್ ಕೀಳೋಕೆ ಬೇಕಾದ ಶಕ್ತಿ), ಎಲೆಕ್ಟ್ರಾನ್ ಅಫಿನಿಟಿ (ಒಂದು ಎಲೆಕ್ಟ್ರಾನ್ ಸೇರಿದಾಗ ಬಿಡುಗಡೆ ಆಗೋ ಶಕ್ತಿ) ಎರಡೂ ಕೂಡಿಸಿ ಅರ್ಧ ಮಾಡೋದು, ಫ್ಲೋರಿನ್‌ಗೆ 17.42 ಮತ್ತು 3.40, ಅಲ್ಲಿಗೆ 10.41 ಎಲೆಕ್ಟ್ರಾನ್ ವೋಲ್ಟ್. ಆದ್ರೆ ಚಾರ್ಟಲ್ಲಿ ಯೂನಿಟ್ಟೇ ಹಾಕಿಲ್ಲ! ಪಕ್ಕದಲ್ಲೇ ಪೌಲಿಂಗ್ 3.98 ಇದೆ, ಒಬ್ಬ ಹುಡುಗ "ಸರ್, ಮಲ್ಲಿಕನ್ ಪ್ರಕಾರ ಫ್ಲೋರಿನ್ ಎರಡೂವರೆ ಪಟ್ಟು ಜಾಸ್ತಿ ಎಳೆಯುತ್ತಾ" ಅಂತ ಕೇಳ್ದ, ಅವನು ಕೇಳಿದ್ದು ನ್ಯಾಯವಾಗೇ ಇತ್ತು. ಪೌಲಿಂಗ್ ಬಣ್ಣದಲ್ಲಿ ಸೀಸಕ್ಕೂ ಬರೀ 2.33 ಅಂತ ಹಾಕಿದಾರೆ, ಅದು +4 ಉತ್ಕರ್ಷಣ (ಆಕ್ಸಿಡೇಶನ್) ಸ್ಥಿತಿದು, +2ಕ್ಕೆ 1.87 ಆಗುತ್ತೆ, ಒಂದು ಅಡಿಟಿಪ್ಪಣಿ ಸಾಕಿತ್ತು.

ಪ್ರಿಂಟು, ಪೇಪರ್ ಚೆನ್ನಾಗಿದೆ. ನಾಲ್ಕು ಸ್ಟಾರ್. ಕಲಿಸೋರು ಧೈರ್ಯವಾಗಿ ತಗೊಳ್ಳಿ, ಗೋಡೆಗೆ ಹಾಕೋಕೆ ಮುಂಚೆ ಮಲ್ಲಿಕನ್ ಬಣ್ಣದ ಪಕ್ಕ ಯೂನಿಟ್ ಮಾತ್ರ ಮಾರ್ಕರಲ್ಲಿ ಬರ್ಕೊಳ್ಳಿ.