ನೈತಿಕ ದೈವಶಾಸ್ತ್ರದ ಓದು: ಧರ್ಮೋಪದೇಶ ಮೊದಲೋ, ಪರಿಪತ್ರ ಮೊದಲೋ?

ದಾವಣಗೆರೆಯಲ್ಲಿ ಧರ್ಮೋಪದೇಶ ತರಗತಿ ನಡೆಸಲು ಸಿದ್ಧರಾಗುವವರ ಮುಂದೆ ಎರಡು ಆಯ್ಕೆಗಳಿವೆ: 1992ರ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ (ಸಭೆಯ ಬೋಧನೆಗಳ ಅಧಿಕೃತ ಸಂಗ್ರಹ) ಮೂರನೇ ಭಾಗ, ಇಲ್ಲವೇ ಪೋಪ್ ಎರಡನೇ ಜಾನ್ ಪಾಲ್ 1993ರಲ್ಲಿ ಹೊರಡಿಸಿದ ‘ವೆರಿಟಾಟಿಸ್ ಸ್ಪ್ಲೆಂಡರ್’ ಪರಿಪತ್ರ, ಅಂದರೆ ನೈತಿಕತೆ ಕುರಿತ ಬೋಧನಾ ಪತ್ರ. ಮೊದಲನೆಯದು ದೇವರ ಹೋಲಿಕೆಯಲ್ಲಿ ಸೃಷ್ಟಿಯಾದ ಮನುಷ್ಯನಿಂದ ಹೊರಟು ಸ್ವಾತಂತ್ರ್ಯ, ಮನಸ್ಸಾಕ್ಷಿ, ಸದ್ಗುಣಗಳನ್ನು ವಿವರಿಸಿ ಹತ್ತು ಆಜ್ಞೆಗಳಿಗೆ ಬರುತ್ತದೆ. ಕೃತ್ಯದ ಒಳಿತು ಕೆಡುಕನ್ನು ಅದರ ಸ್ವರೂಪ, ಉದ್ದೇಶ, ಸಂದರ್ಭ ಈ ಮೂರರಿಂದಲೂ ಅಳೆಯಬೇಕೆನ್ನುತ್ತದೆ. ಮೆಕ್ಕೆಜೋಳದ ತೂಕದಲ್ಲಿ ರೈತನಿಗೆ ಮೋಸ ಮಾಡಿದ ವರ್ತಕ ಆ ಹಣವನ್ನು ಅನಾಥಾಲಯಕ್ಕೇ ಕೊಟ್ಟರೂ ಕಳವು ಕಳವೇ. ಪರಿಪತ್ರವಾದರೋ ಮತ್ತಾಯನ ಶುಭಸಂದೇಶದ ಧನಿಕ ಯುವಕ ಯೇಸುವಿಗೆ ಕೇಳಿದ ‘ನಿತ್ಯಜೀವ ಪಡೆಯಲು ಯಾವ ಒಳಿತನ್ನು ಮಾಡಬೇಕು?’ ಎಂಬ ಪ್ರಶ್ನೆಯಿಂದ ಆರಂಭವಾಗಿ, ಫಲಿತಾಂಶವನ್ನಷ್ಟೇ ನೋಡುವ ವಾದಗಳನ್ನು ಎದುರಿಸುತ್ತದೆ. ಅದು ಬಿಗಿಯಾದ ಓದು. ಕಲಿಸುವವರು ಧರ್ಮೋಪದೇಶವನ್ನೇ ಮೊದಲು ಹಿಡಿಯುವುದು ಲೇಸು. ವಾದದ ಬೇರು ಹುಡುಕುವ ಕಾಲೇಜು ವಿದ್ಯಾರ್ಥಿಗಳು ಪರಿಪತ್ರದ ಎರಡನೇ ಅಧ್ಯಾಯಕ್ಕೇ ನೇರವಾಗಿ ಹೋಗಬಹುದು.