ಲಂಡನ್ನಿಗೆ ಇಟಿಎ ಮಾಡಿಸುವವರು ಮೊದಲು ವೆಬ್‌ಸೈಟಿನ ವಿಳಾಸ ನೋಡಿ

ಅಮೆರಿಕದಿಂದ ಲಂಡನ್ ಮೇಲೆ ಊರಿಗೆ ಹೋಗಿಬರುವ ಕನ್ನಡದವರು, ಅದರಲ್ಲೂ ಅಪ್ಪ ಅಮ್ಮನನ್ನು ಜೊತೆಗೆ ಕರೆದೊಯ್ಯುವವರು, ದಯವಿಟ್ಟು ಇದನ್ನು ಓದಿ. ಇಟಿಎ ಅಂದರೆ ವೀಸಾ ಬೇಡದ ದೇಶಗಳವರು ಬ್ರಿಟನ್ನಿಗೆ ಹೊರಡುವ ಮೊದಲು ಆನ್‌ಲೈನಿನಲ್ಲಿ ಪಡೆಯಬೇಕಾದ ಪ್ರಯಾಣದ ಅನುಮತಿ.

2025ರ ಜುಲೈನಲ್ಲಿ ನಾವು ನಾಲ್ವರು ಬೆಂಗಳೂರಿಗೆ ಹೊರಟಿದ್ದೆವು. ನಾನು, ನಮ್ಮವರು, ಆರು ವರ್ಷದ ಮಗ ಅಮೆರಿಕದ ಪಾಸ್‌ಪೋರ್ಟಿನವರು. ಅತ್ತೆಯವರದು ಭಾರತದ ಪಾಸ್‌ಪೋರ್ಟ್, ಗ್ರೀನ್ ಕಾರ್ಡ್ ಇದೆ. ಅವರ ತಮ್ಮನ ಮಗಳು ಲಂಡನ್ನಿನಲ್ಲಿ ಆಗಷ್ಟೇ ಬಾಣಂತಿ. ನಾಲ್ಕು ದಿನ ಅಲ್ಲಿದ್ದು ಮಗು ನೋಡಿಕೊಂಡು ಹೋಗೋಣ ಅಂತ ಟಿಕೆಟ್ ಮಾಡಿಸಿದ್ದೆವು. ಅತ್ತೆ ತಿಂಗಳಿಂದ ಕೂತು ಹಳದಿ ಉಣ್ಣೆಯಲ್ಲಿ ಒಂದು ಕುಲಾವಿ ಹೆಣೆದಿದ್ದರು.

ಆ ವರ್ಷದ ಜನವರಿ 8ರಿಂದ ಅಮೆರಿಕದ ಪ್ರಜೆಗಳಿಗೂ ಬ್ರಿಟನ್ನಿಗೆ ಇಟಿಎ ಬೇಕು ಅನ್ನುವುದು ನನಗೆ ಗೊತ್ತಾಗಿದ್ದು ಹೊರಡಲು ಹತ್ತೇ ದಿನ ಇದ್ದಾಗ. ಗಾಬರಿಯಲ್ಲಿ ಗೂಗಲ್ ಮಾಡಿ, ಎಲ್ಲಕ್ಕಿಂತ ಮೇಲೆ ಬಂದದ್ದನ್ನು ಒತ್ತಿದೆ. ಅದು ಜಾಹೀರಾತು. ಒಳಗೆ ಬ್ರಿಟನ್ನಿನ ಬಾವುಟ, ಸರ್ಕಾರಿ ಕಳೆ. ‘ನಮಗೂ ಯಾವ ಸರ್ಕಾರಕ್ಕೂ ಸಂಬಂಧವಿಲ್ಲ’ ಅನ್ನುವ ಸಾಲು ಪುಟದ ಕೊನೆಯಲ್ಲಿ, ತಿಳಿಬೂದು ಬಣ್ಣದ ಸಣ್ಣ ಅಕ್ಷರದಲ್ಲಿತ್ತು. ನಾನು ಅದನ್ನು ನೋಡಿದ್ದು ದುಡ್ಡು ಹೋದ ಮೇಲೆ.

ತಲಾ 109 ಡಾಲರ್, ನಾಲ್ವರಿಗೆ 436. ಬ್ರಿಟನ್ ಸರ್ಕಾರ ಆಗ ತೆಗೆದುಕೊಳ್ಳುತ್ತಿದ್ದದ್ದು ತಲೆಗೆ 16 ಪೌಂಡ್ ಮಾತ್ರ.

ದುಡ್ಡಿನ ಮಾತು ಬಿಡಿ. ಅತ್ತೆಯವರ ಅರ್ಜಿಯಲ್ಲಿ ರಾಷ್ಟ್ರೀಯತೆ ‘ಭಾರತ’ ಅಂತ ನಾನೇ ತುಂಬಿದ್ದೆ. ಭಾರತದ ಪಾಸ್‌ಪೋರ್ಟಿಗೆ ಇಟಿಎ ಇಲ್ಲವೇ ಇಲ್ಲ, ವಿಸಿಟರ್ ವೀಸಾನೇ ಆಗಬೇಕು. ಕೆನಡಾಕ್ಕಾದರೆ ಪಾಸ್‌ಪೋರ್ಟಿನ ಜೊತೆ ಗ್ರೀನ್ ಕಾರ್ಡ್ ತೋರಿಸಿದರೆ ಸಾಕು. ಇಲ್ಲೂ ಹಾಗೇ ಏನೋ ಅಂದುಕೊಂಡಿದ್ದೆ. ಆ ಸೈಟಿನವರು ಒಂದು ಮಾತೂ ಎಚ್ಚರಿಸದೆ ಹಣ ಎಳೆದುಕೊಂಡರು. ನಮ್ಮ ಮೂವರದೂ ಎರಡು ದಿನದಲ್ಲಿ ಬಂತು. ಅತ್ತೆಯವರದು ಐದು ದಿನ ‘ಪರಿಶೀಲನೆಯಲ್ಲಿದೆ’ ಅಂತ ತೋರಿಸಿ, ಆರನೇ ದಿನ ‘ಅರ್ಹರಲ್ಲ, ಸೇವಾಶುಲ್ಕ ವಾಪಸಿಲ್ಲ’ ಅಂತ ಇಮೇಲ್ ಬಂತು. ವೀಸಾಕ್ಕೆ ಬೆರಳಚ್ಚು ಕೊಟ್ಟು ವಾರಗಟ್ಟಲೆ ಕಾಯಬೇಕು, ನಮ್ಮ ಹತ್ತಿರ ಉಳಿದಿದ್ದು ನಾಲ್ಕು ದಿನ.

ಕ್ರೆಡಿಟ್ ಕಾರ್ಡ್ ಬ್ಯಾಂಕಿನವರು ಅತ್ತೆಯವರ 109 ಡಾಲರ್ ಹಿಂದಿರುಗಿಸಿದರು. ಉಳಿದದ್ದಕ್ಕೆ ‘ಸೇವೆ ಸಿಕ್ಕಿದೆಯಲ್ಲ’ ಅಂದರು. ಮಗನ ಪಾಸ್‌ಪೋರ್ಟಿನ ಪ್ರತಿ, ಅವನ ಮುಖದ ಫೋಟೋ ಯಾರ ಕೈಯಲ್ಲಿವೆಯೋ ಅನ್ನುವ ಸಂಕಟ ಇವತ್ತಿಗೂ ಹೋಗಿಲ್ಲ.

ಅರ್ಜಿ ಹಾಕುವುದು ಗವ್ ಡಾಟ್ ಯುಕೆ (gov.uk) ತಾಣದಲ್ಲಿ, ಇಲ್ಲವೇ ಸರ್ಕಾರದ್ದೇ ಆದ ಯುಕೆ ಇಟಿಎ ಆ್ಯಪಿನಲ್ಲಿ. ಹುಡುಕಬೇಡಿ, ವಿಳಾಸ ನೀವೇ ಟೈಪ್ ಮಾಡಿ. ಶುಲ್ಕ ಆಗಾಗ ಏರುತ್ತದೆ, ಅಲ್ಲೇ ನೋಡಿಕೊಳ್ಳಿ. ಕೈಗೂಸಿಗೂ ಬೇರೆಯೇ ಇಟಿಎ ಬೇಕು. ಒಮ್ಮೆ ಸಿಕ್ಕರೆ ಎರಡು ವರ್ಷ ನಡೆಯುತ್ತದೆ, ಆದರೆ ಅದು ಆ ಪಾಸ್‌ಪೋರ್ಟಿಗೇ ಅಂಟಿಕೊಂಡಿರುತ್ತದೆ. ಹೊಸ ಪಾಸ್‌ಪೋರ್ಟ್ ಬಂದರೆ ಮತ್ತೆ ಮಾಡಿಸಬೇಕು. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ದೇಶದ ಪಾಸ್‌ಪೋರ್ಟ್ ಆಗಿದ್ದರೆ, ಟಿಕೆಟ್ ಮಾಡಿಸುವ ಮೊದಲೇ ಪ್ರತಿಯೊಬ್ಬರದನ್ನೂ ಅದೇ ತಾಣದಲ್ಲಿ ಪರೀಕ್ಷಿಸಿ.

ಕೊನೆಗೆ ಟಿಕೆಟ್ ಬದಲಿಸಿ, ನಮ್ಮವರು ಅತ್ತೆಯವರನ್ನು ಹೀಥ್ರೂ ವಿಮಾನ ನಿಲ್ದಾಣದ ಒಳಗಿಂದಲೇ ವಿಮಾನ ಬದಲಿಸಿ ಬೆಂಗಳೂರಿಗೆ ಕರೆದುಕೊಂಡು ಹೋದರು. ನಾನು, ಮಗ ಹೊರಗೆ ಬಂದೆವು. ಬೀಳ್ಕೊಡುವಾಗ ಅತ್ತೆ ಕುಲಾವಿಯ ಪೊಟ್ಟಣ ನನ್ನ ಕೈಗಿಟ್ಟು, ‘ನೀನೇ ಹಾಕಿಬಿಡಮ್ಮ, ಹಾಕಿದ ಮೇಲೆ ಒಂದು ಫೋಟೋ ಕಳಿಸು’ ಅಂದರು.